ಸಿಂಗಾಪುರಕ್ಕೂ ಮೊದಲೊಂದು ಟ್ರಯಲ್

ಹೋದ ವಾರ ಒಂದು ಮಧ್ಯಾಹ್ನ ನನ್ನ ಮಗಳ ಕೈಯಿಂದ ಸ್ಟೀಲಿನ ತಾಟು ಜಾರಿ ಬಿತ್ತು. ಸ್ಟೀಲ್ ತಾಟು ಬಿದ್ದರೆ ಅಲ್ಲಿಗೇ ಮುಗಿಯುವುದಿಲ್ಲ, ನಿಮಗೂ ಗೊತ್ತು. ಅದು ಇಡೀ ಅಡುಗೆಮನೆ ಸುತ್ತಿ, ಓಣಿಗೆಲ್ಲ ಸುದ್ದಿ ಮುಟ್ಟಿಸಿ, ಆಮೇಲೆ ಮಲಗುತ್ತದೆ. ನಾನು ಹೊರಗಿನ ಕೋಣೆಯಿಂದ ಓಡಿ ಬಂದು, ಅದರ ಮೇಲೆ ಕಾಲಿಟ್ಟು ಸದ್ದು ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದೆ. ಮಗಳು ಸುತ್ತ ನೋಡಿ, "ಯಾರು ಮಲಗ್ಯಾರ ಅವ್ವಾ?" ಎಂದಳು.

ಯಾರೂ ಮಲಗಿರಲಿಲ್ಲ. ಹಳಿಯಾಳದ ನಮ್ಮ ಮನೆಯಲ್ಲಿ ಆ ಹೊತ್ತು ನಾವಿಬ್ಬರೇ. ನಲವತ್ತು ದಾಟಿದ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸುವವಳು, ಊಟದ ತಾಟಿನ ಮೇಲೆ ಕಾಲಿಟ್ಟುಕೊಂಡು ಯಾರ ನಿದ್ದೆ ಕಾಯುತ್ತಿದ್ದೆ? ನನ್ನ ಈರಪ್ಪ ಕಾಕಾನ ನಿದ್ದೆ. ಅವನು ನಿವೃತ್ತನಾಗಿ ಐದು ವರ್ಷವಾಯಿತು. ಅಂದೂ ಅವನೇನು ಮಲಗಿರಲಿಲ್ಲ. ದಾಂಡೇಲಿಯ ತನ್ನ ಮನೆಯಲ್ಲಿ ಸಿಂಗಾಪುರದ ಆಟದ ಪಾರ್ಕಿನ ನಕ್ಷೆಯ ಮೇಲೆ ಬಗ್ಗಿಕೊಂಡಿದ್ದ. ಅವನ ಸಿಂಗಾಪುರದ ಕಥೆ ಹೇಳಬೇಕೆಂದರೆ ಮೊದಲು ಅವನ ನಿದ್ದೆಯ ಕಥೆ ಹೇಳಬೇಕು. ಸ್ವಲ್ಪ ತಾಳ್ಮೆ ಇರಲಿ.

ನಾನು ಬೆಳೆದದ್ದು ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ. ಅಪ್ಪನೂ ಅವನ ತಮ್ಮ ಈರಪ್ಪ ಕಾಕಾನೂ ಧಾರವಾಡದ ಕಡೆಯಿಂದ ಬಂದು ಮಿಲ್ಲು ಸೇರಿದವರು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಮಿಲ್ಲಿನಲ್ಲಿ ಮೂರು ಪಾಳಿ, ಆದ್ದರಿಂದ ಯಾವ ಹೊತ್ತಿಗೂ ಓಣಿಯ ಮೂರನೇ ಒಂದು ಪಾಲು ಗಂಡಸರು ಮಲಗಿರುತ್ತಿದ್ದರು. ಹೊರಗಿನಿಂದ ಬಂದವರಿಗೆ ನಮ್ಮೂರೆಂದರೆ ಮೊದಲು ಮೂಗಿಗೆ ಬಡಿಯುವುದು ಮಿಲ್ಲಿನ ವಾಸನೆ. ನನಗೆ ನೆನಪಿರುವುದು ಸದ್ದಿಲ್ಲದ ಮಧ್ಯಾಹ್ನಗಳು. ಕುಕ್ಕರ್ ಒಂದು ಸೀಟಿ ಹೊಡೆದ ಕೂಡಲೇ ಯಾರಾದರೂ ಓಡಿ ಗ್ಯಾಸ್ ಆರಿಸುತ್ತಿದ್ದರು. ಬಾಗಿಲ ಚಿಲಕಕ್ಕೆ ಹಳೆಯ ಬನಿಯನ್ನಿನ ಚಿಂದಿ ಸುತ್ತಿರುತ್ತಿತ್ತು. ಹುಡುಗರು ಔಟಾದದ್ದನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದರು. ನಳದ ಹತ್ತಿರ ನೀರಿಗಾಗಿ ಪಿಸುಮಾತಿನಲ್ಲಿ ಜಗಳಾಡುವ ಹೆಂಗಸರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಒಬ್ಬರಿಗೊಬ್ಬರು ಏಳು ತಲೆಮಾರು ಬೈದುಕೊಂಡರೂ ಪಕ್ಕದ ಮನೆಯ ಬೆಕ್ಕು ಕಣ್ಣು ತೆರೆಯುತ್ತಿರಲಿಲ್ಲ.

ಇಂಥ ಓಣಿಗೆ ಮದುವೆಯಾಗಿ ಬಂದವಳು ನೀಲವ್ವ ಕಾಕಿ. ಅವಳ ತವರು ಮುಂಡಗೋಡ ಕಡೆಯ ಇಂದೂರ ಎಂಬ ಹಳ್ಳಿ. ಹುಡುಗಿಯಾಗಿದ್ದಾಗ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಕಾಯುವ ಕೆಲಸ ಅವಳದೇ. ಕವಣೆ ಬೀಸುವುದು ಬರುತ್ತಿರಲಿಲ್ಲವಂತೆ, ಬರೀ ಕೂಗುತ್ತಿದ್ದಳಂತೆ. ಅವಳು ಕೂಗಿದರೆ ಅವರ ಹೊಲದ ಗಿಳಿಗಳಷ್ಟೇ ಅಲ್ಲ, ಆಚೆಯ ನಾಲ್ಕು ಹೊಲದವೂ ಏಳುತ್ತಿದ್ದವು ಎಂದು ಅವಳ ಅಣ್ಣ ಹೇಳುತ್ತಿದ್ದ. ನಮಗೆ ಇದೊಂದು ಕಟ್ಟುಕಥೆ. ನಾವು ಕಂಡ ಕಾಕಿ ಸೀನು ಬಂದರೆ ಸೆರಗು ಮುಚ್ಚಿಕೊಂಡು ಹಿತ್ತಲಿಗೆ ಓಡುವವಳು.

ಈಗ ಸಿಂಗಾಪುರಕ್ಕೆ ಬರೋಣ. ಆರು ತಿಂಗಳ ಹಿಂದೆ ನನ್ನ ಮಗಳು ಫೋನಿನಲ್ಲಿ ಕಾಕಿಗೆ ಅಲ್ಲಿನ ಆಟದ ಪಾರ್ಕಿನ ಒಂದು ವಿಡಿಯೋ ತೋರಿಸಿದಳು. ಮನೆಯಷ್ಟು ಎತ್ತರಕ್ಕೆ ಹತ್ತಿದ ದೋಣಿಯೊಂದು ಅಲ್ಲಿಂದ ನೀರಿಗೆ ಬೀಳುತ್ತದೆ. ಅದರಲ್ಲಿ ಕೂತವರೆಲ್ಲ ಬಾಯಿ ಹರಿದುಹೋಗುವಂತೆ ಚೀರುತ್ತಾರೆ. ಕಾಕಿ ಮೂರು ಸಲ ನೋಡಿದಳು. ಆಮೇಲೆ, "ನಾ ಇದರಾಗ ಕೂಡಬೇಕು" ಎಂದಳು. ಅದುವರೆಗೆ ಅವಳು ನೋಡಿದ ಪರದೇಶವೆಂದರೆ ಮುಂಡಗೋಡದ ಟಿಬೆಟಿಯನ್ ಕ್ಯಾಂಪು.

ಕಾಕಾ ನಕ್ಕ. "ಬೀಳಾಕ ಅಷ್ಟ್ ದೂರ ಯಾಕ ಹೋಗಬೇಕು? ಅಣಶಿ ಘಾಟಿನ್ಯಾಗ ಬಸ್ಸಿನ ಹಿಂದಿನ ಸೀಟಿನ್ಯಾಗ ಕುಂತ್ರ ಸಾಕು. ನೀರು ಬೇಕಂದ್ರ ಕಾಳಿ ನದಿ ಐತಿ. ಎಲ್ಲೆಲ್ಲಿಂದೋ ಬಂದು ರಬ್ಬರ್ ದೋಣ್ಯಾಗ ಕುಂತು ಒದರತಾರಲ್ಲ, ಅವರ ಜೋಡಿ ಕುಂದ್ರು."

ಮಾತೇನೋ ಸರಿಯೇ. ಇಡೀ ದೇಶ ನೀರಲ್ಲಿ ಬಿದ್ದು ಚೀರಲು ನಮ್ಮೂರಿಗೆ ಬರುತ್ತದೆ; ನಾವು ದಡದಲ್ಲಿ ನಿಂತು ಶೇಂಗಾ ತಿನ್ನುತ್ತ ಅವರನ್ನು ನೋಡಿ ನಗುತ್ತೇವೆ. ಆದರೆ ಕಾಕಿ ಬಗ್ಗಲಿಲ್ಲ. "ಇಲ್ಲಿ ಮಂದಿ ನೋಡ್ತಾರ. ಅಲ್ಲಿ ನನ್ನ ಗುರುತು ಯಾರಿಗೈತಿ?" ಎಂದಳು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಕಾಕಾ ಒಪ್ಪಿಬಿಟ್ಟ. ಮಗಳು ಬಿಡಬೇಕಲ್ಲ, ಅವಳು, ನಾನು, ನನ್ನ ಗಂಡ ಮೂವರೂ ಸೇರಿಕೊಂಡೆವು.

ಅಲ್ಲಿಂದ ಶುರುವಾಯಿತು ನೋಡಿ ಪ್ಲ್ಯಾನಿಂಗು. ವರ್ಷಕ್ಕೊಮ್ಮೆ ಮಿಲ್ಲು ನಿಲ್ಲಿಸಿ ಎಲ್ಲ ಯಂತ್ರ ಬಿಚ್ಚಿ ತೊಳೆದು ಜೋಡಿಸುತ್ತಾರೆ. ಅದಕ್ಕೆ ಶಟ್‌ಡೌನ್ ಅನ್ನುತ್ತಾರೆ. ಯಾವ ಕೆಲಸ, ಎಷ್ಟು ಗಂಟೆ, ಯಾರು, ಎಂದು ದೊಡ್ಡ ಹಾಳೆಯ ಮೇಲೆ ಪಟ್ಟಿ ಮಾಡುವುದು ಕಾಕಾನ ಕೆಲಸವಾಗಿತ್ತು. ಅದೇ ಕೈ ಸಿಂಗಾಪುರಕ್ಕೂ ನಡೆಯಿತು. ಮಗಳು ಬಾಯಿಪಾಠ ಮಾಡಿಕೊಂಡಿದ್ದ ಆಟಗಳ ಹೆಸರನ್ನೆಲ್ಲ ಹೊಡೆದು ಹಾಕಿ ಮಷೀನ್ ನಂಬರ್ ಒಂದು, ಎರಡು, ಮೂರು ಎಂದು ಬರೆದ. ದೋಣಿ ಮಷೀನ್ ನಂಬರ್ ನಾಲ್ಕು. ಪ್ರತಿಯೊಬ್ಬರಿಗೂ ಒಂದು ಜೊತೆ ಸ್ಪೇರ್ ಚಪ್ಪಲಿ. ಖಡಕ್ ರೊಟ್ಟಿ ಐವತ್ತು, ಅದರಲ್ಲಿ ಒಡೆಯುವವು ಹತ್ತು ಎಂದು ಹಿಡಿದು ಅರವತ್ತು. ಟ್ರಾವೆಲ್ ಏಜೆನ್ಸಿಯ ಹುಡುಗಿಗೆ ಫೋನ್ ಹಚ್ಚಿ, "ಆ ನಾಕನೇ ನಂಬರ್ ಮಷೀನಿಗೆ ಕಡೀಕ ಗ್ರೀಸ್ ಯಾವಾಗ ಹಚ್ಯಾರ? ಫಿಟ್ಟರ್ ಯಾರು?" ಎಂದು ಕೇಳಿದ. ಆಕೆ ವಿಚಾರಿಸಿ ಹೇಳುತ್ತೇನೆ ಎಂದಳಂತೆ. ಇನ್ನೂ ವಿಚಾರಿಸುತ್ತಿದ್ದಾಳೆ.

ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಟ್ಯಾಂಕಿನೊಳಗೆ ಆಳು ಇಳಿದು ತೊಳೆಯುವಾಗ, ಬಾಯಿಯ ಹತ್ತಿರ ಹೊರಗೆ ಇನ್ನೊಬ್ಬ ಹಗ್ಗ ಹಿಡಿದು ನಿಂತಿರಬೇಕು. ಒಳಗಿನವನು ಆಗಾಗ ಕೂಗಬೇಕು, ಹೊರಗಿನವನು ತಿರುಗಿ ಕೂಗಬೇಕು. ಹೊರಗಿನವನು ಚಹಾಕ್ಕೆ ಹೋಗುವಂತಿಲ್ಲ, ಕೂರುವಂತಿಲ್ಲ. ಕಾಕಾ ಹರೆಯದಲ್ಲಿ ಎಷ್ಟೋ ಶಟ್‌ಡೌನುಗಳಲ್ಲಿ ಆ ಹೊರಗಿನವನಾಗಿದ್ದ. ಒಮ್ಮೆ ಒಳಗಿನವನಿಗೆ ತಲೆ ಸುತ್ತಿದಾಗ ಇವನು ಹಗ್ಗ ಜಗ್ಗಿ ಮೇಲೆ ಎಳೆದಿದ್ದ. ಆ ಕಥೆಯನ್ನು ನಾವು ಪ್ರತಿ ದೀಪಾವಳಿಗೂ ಕೇಳಿದ್ದೇವೆ, ಹಗ್ಗ ಪ್ರತಿ ವರ್ಷ ಒಂದಿಷ್ಟು ಉದ್ದವಾಗುತ್ತಿತ್ತು.

ಹೀಗಾಗಿ ಸಿಂಗಾಪುರದ ಪಟ್ಟಿಯಲ್ಲೂ ಪ್ರತಿ ಮಷೀನಿನ ಮುಂದೆ ಎರಡು ಅಂಕಣ: ಒಳಗೆ, ಹೊರಗೆ. ಒಳಗೆ ನಮ್ಮೆಲ್ಲರ ಹೆಸರು. ಹೊರಗೆ, ಮೇಲಿನಿಂದ ಕೆಳಗಿನತನಕ ಒಂದೇ ಹೆಸರು, ಈರಪ್ಪ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಒಳಗೊಳಗೆ ಹೊಟ್ಟೆಕಿಚ್ಚೂ ಆಯಿತು. ತೊಟ್ಟಿಲು ತೂಗಿದರೂ ವಾಂತಿ ಬರುವ ಜೀವ ನನ್ನದು. ಯಾವ ಮಷೀನಿಗೆ ತಲೆನೋವು, ಯಾವುದಕ್ಕೆ ಸೊಂಟನೋವು ಎಂದು ನಾನೂ ಗುಟ್ಟಾಗಿ ಒಂದು ಪಟ್ಟಿ ಮಾಡಿಕೊಂಡಿದ್ದೆ.

ಕಾಕಿ ನಗಲಿಲ್ಲ. ನಾಲ್ಕನೇ ನಂಬರಿನ ಸಾಲಿನ ಮೇಲೆ ಬೆರಳಿಟ್ಟು ಓದಿದಳು. "ನನ್ನ ಹೆಸರು ತಗೀರಿ. ನಾ ಬರಂಗಿಲ್ಲ" ಎಂದು ಅಡುಗೆಮನೆಗೆ ಹೋದಳು.

ಪಾಸ್‌ಪೋರ್ಟ್ ಬಂದಾಗಿತ್ತು. ಪೊಲೀಸರು ಬಂದು ವಿಚಾರಿಸಿಕೊಂಡು, ಚಹಾ ಕುಡಿದು ಹೋಗಿದ್ದರು. ಟಿಕೀಟೂ ಆಗಿತ್ತು. "ಏನ್ ತಪ್ಪಾತು ಈಗ?" ಎಂದು ಕಾಕಾ ಹಾಳೆಯನ್ನೇ ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಹೆದರಿಕೆ ಬಂತು. ಆ ಹೆಂಗಸು ಒಮ್ಮೆ ಬೇಡ ಎಂದರೆ ಮುಗಿಯಿತು, ಜನ್ಮದಲ್ಲಿ ಮತ್ತೆ ಏನನ್ನೂ ಕೇಳುವವಳಲ್ಲ. ವಕಾಲತ್ತಿಗೆ ನನ್ನನ್ನು ಕಳಿಸಿದ.

ಕಾಕಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಳು. "ಏನ್ ಕಾಕಿ, ದೋಣಿಗೆ ಹೆದರಿಕಿ ಆತೇನು?" ಎಂದೆ.

"ನನಗ್ಯಾಕ ಹೆದರಿಕಿ? ಹೆದರಿಕಿ ನಿಮ್ಮ ಕಾಕಾಗ."

"ಮತ್ತ?"

ಅವಳು ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. ಆಮೇಲೆ ತನ್ನ ಆ ಸಣ್ಣ ದನಿಯಲ್ಲೇ ಹೇಳಿದಳು: "ಮೂವತ್ನಾಕು ವರ್ಷ ಅವರು ಮಲಗಿದ್ರು, ನಾ ಬಾಯಿ ಮುಚ್ಕೊಂಡಿದ್ದೆ. ಅದಕ್ಕೇನ್ ಬ್ಯಾಸರ ಇಲ್ಲವ್ವಾ, ದುಡದ ಬಂದಾವ್ರು ಮಲಗಬೇಕss. ಆದ್ರ ಒಂದ್ ಸಲ ಎದಿತುಂಬ ಒದರಬೇಕು ಅನಸ್ತೈತಿ. ಒಬ್ಬಾಕಿನ ಒದರೂದಿದ್ರ ಇಂದೂರಿಗೆ ಹೋಗಿ ಹೊಲದಾಗ ಒದರಿ ಬರ್ತಿದ್ದೆ, ಪಾಸ್‌ಪೋರ್ಟ್ ಯಾಕ ಬೇಕಿತ್ತು? ಅವರು ಬಾಜೂಕ ಇರಬೇಕು. ಎಚ್ಚರ ಇರಬೇಕು."

ಇಷ್ಟು ವರ್ಷ ಆ ಗೋಡೆಯ ಈಚೆ ಬೆಳೆದವಳು ನಾನು. ಕಾಕಿಯದು ತಣ್ಣನೆಯ ಸ್ವಭಾವ ಎಂದೇ ತಿಳಿದಿದ್ದೆ. ನಾಚಿಕೆಯಾಯಿತು.

ಹೊರಗೆ ಬಂದು ಕಾಕಾನ ಎದುರು ಕೂತು, ಒಂದಕ್ಷರ ಬಿಡದೆ ಹೇಳಿದೆ. ಅವನು ಚಾಳೀಸು ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ.

"ಅಕಿ ಹಂಗ ಅಂದ್ಲೇನು?"

"ಹಂಗss ಅಂದ್ಲು."

"ಆದ್ರ ಹೊರಗ ಒಬ್ಬರು ಬೇಕಲ್ಲವಾ. ನಾನೂ ಒಳಗ ಕುಂತ್ರ ಹೊರಗ ಯಾರು?"

"ನಾ ನಿಲ್ತೇನಿ."

"ನೀನ? ಫೋನಿನ್ಯಾಗ ಮುಖಾ ಇಟ್ರ ಮ್ಯಾಲೆ ಎತ್ತಾಕಿ ಅಲ್ಲ ನೀ." ಅವನು ಪಟ್ಟಿ ಸುತ್ತಿಟ್ಟ. ಎದ್ದು ನಿಂತು, "ಟ್ರಯಲ್ ತಗೊಳ್ದ ನಾವ್ ಯಾವ ಮಷೀನೂ ಚಾಲೂ ಮಾಡಿಲ್ಲ. ರವಿವಾರ ಬಾ. ಟ್ರಯಲ್ ಆದಮ್ಯಾಲೆ ಹೇಳ್ತೇನಿ" ಎಂದ.

ಮೊನ್ನೆ ರವಿವಾರ ಊಟವಾದ ಮೇಲೆ, ಎರಡೂವರೆಗೆ, ಕಾಕಾ ಪಡಸಾಲೆಯ ನಡುವೆ ಎರಡು ಪ್ಲಾಸ್ಟಿಕ್ ಕುರ್ಚಿ ಜೋಡಿಸಿಟ್ಟ. ಒಂದರಲ್ಲಿ ಕಾಕಿಯನ್ನು ಕೂರಿಸಿ, ಇನ್ನೊಂದರಲ್ಲಿ ತಾನು ಕೂತು, ಇಬ್ಬರ ಹೊಟ್ಟೆಯನ್ನೂ ಸುತ್ತಿ ಹಳೆಯ ಪಂಜೆ ಕಟ್ಟಿದ. ಸೀಟ್ ಬೆಲ್ಟು. ನನ್ನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಫೋನ್ ಕಸಿದುಕೊಂಡಿದ್ದ. "ಈಗ ಮ್ಯಾಲೆ ಹೊಂಟೇವಿ," ಎಂದು ಶುರುಮಾಡಿದ, "ತುದೀಗೆ ಬಂತು. ಬಿದ್ದೇವಿ ಈಗ. ಒದರು!"

ಕಾಕಿ ನಕ್ಕಳು. ಕಾಕಾ ಸಿಟ್ಟಾದ. ದೋಣಿ ಮತ್ತೆ ಮೇಲೆ ಹತ್ತಿತು, ಮತ್ತೆ ಬಿತ್ತು. ಈ ಸಲ ಕಾಕಿ ಬಾಯಿ ತೆರೆದಳು. ಡಾಕ್ಟರಿಗೆ ನಾಲಿಗೆ ತೋರಿಸುವಾಗ ಬರುವಷ್ಟು ಒಂದು "ಆ" ಬಂತು. ಮೂರನೇ ಸಲ ಕಣ್ಣು ಮುಚ್ಚಿ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಉಸಿರು ತುಂಬಿಕೊಂಡಳು. ಕೆಮ್ಮು ಬಂತು. ಅವಳ ಮುಖ ಸಣ್ಣಗಾಯಿತು. ಪಂಜೆಯ ಗಂಟು ಬಿಚ್ಚುತ್ತ, "ಬಿಡ್ರಿ. ಆಗೂದಿಲ್ಲ. ಅದು ಹೋಗೇತಿ" ಎಂದಳು.

ಕಾಕಾ ಅವಳ ಕೈ ಹಿಡಿದ. ಅವರಿಬ್ಬರು ಕೈ ಹಿಡಿದದ್ದನ್ನು ನಾನು ಮದುವೆಯ ಫೋಟೋದಲ್ಲಿ ಬಿಟ್ಟರೆ ಎಲ್ಲಿಯೂ ನೋಡಿರಲಿಲ್ಲ. "ನೀಲಾ," ಎಂದ, "ಇಲ್ಲಿ ನೋಡು. ನಾ ಎಚ್ಚರ ಅದೀನಿ. ಒದರು."

ಆಗ ಬಂತು. ಚೀರುವುದಲ್ಲ ಅದು, ಹೊಲದ ಕೂಗು. ಹೊಟ್ಟೆಯ ತಳದಿಂದ ಎದ್ದು, ಉದ್ದಕ್ಕೆ ಹೋಗಿ, ಮುಗಿಯಿತು ಅನ್ನುವಾಗ ಮತ್ತೊಂದು ಮಟ್ಟ ಹತ್ತಿತು. ಹಿತ್ತಲ ಮಾವಿನ ಗಿಡದ ಕಾಗೆಗಳೆಲ್ಲ ಎದ್ದವು. ಎದುರು ಮನೆಯವರು ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಪಕ್ಕದ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದವನು ಲುಂಗಿ ಕಟ್ಟಿಕೊಳ್ಳುತ್ತ, ಕೆಂಗಣ್ಣು ಬಿಟ್ಟುಕೊಂಡು ಕಾಂಪೌಂಡು ಹಾರಿ ಬಂದ.

"ಏನಾತ್ರೀ ಈರಪ್ಪಣ್ಣಾ? ಯಾರಿಗೇನಾತು?"

"ಏನಿಲ್ಲ ಬಿಡ್ರಿ," ಎಂದ ಕಾಕಾ, ಹೆಂಡತಿಯ ಜೊತೆ ಒಂದೇ ಪಂಜೆಯಲ್ಲಿ ಕಟ್ಟಿಸಿಕೊಂಡು ಕೂತಲ್ಲಿಂದಲೇ. "ಟ್ರಯಲ್."

"ಯಾವುದರದು?"

"ಸಿಂಗಾಪುರದ್ದು."

ಅವರು ಹೋದ ಮೇಲೆ ಕಾಕಾ ಕಾಕಿಯ ಮುಖವನ್ನೇ ನೋಡುತ್ತ ಕೂತ. ಅವನ ಕಣ್ಣಲ್ಲಿ ನೀರಿತ್ತು, ನಾನು ನೋಡಿದೆ. "ಮೂವತ್ನಾಕು ವರ್ಷಾತು," ಎಂದ, "ನಿನ್ನ ದನಿ ಹಿಂಗ ಐತಂತ ನನಗ ಗೊತ್ತss ಇರ್ಲಿಲ್ಲಲ್ಲ."

ಕಾಕಿ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕಾಕಾ ಪಟ್ಟಿ ತರಿಸಿ, ತೊಡೆಯ ಮೇಲೆ ಹಾಸಿ, ನಾಲ್ಕನೇ ನಂಬರಿನ ಸಾಲಿನಲ್ಲಿ 'ಹೊರಗೆ' ಇದ್ದ ತನ್ನ ಹೆಸರು ಹೊಡೆದು 'ಒಳಗೆ' ಬರೆದುಕೊಂಡ, ಅವಳ ಹೆಸರಿಗೆ ಅಂಟಿಸಿ. ಹೊರಗೆ ನನ್ನ ಹೆಸರು ಬಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಅಕಿ ಒದರಿದ್ಲು. ನೀ ಯಾಕ ತಿರುಗಿ ಒದರಲಿಲ್ಲ? ಹೊರಗ ನಿಂತಾಕಿ ಜವಾಬು ಕೊಡಬೇಕು" ಎಂದು ಗದರಿದ.

ಹೊರಡಲು ಇನ್ನು ಹದಿನೆಂಟು ದಿನ. ಅಷ್ಟರೊಳಗೆ ನನ್ನದೂ ಟ್ರಯಲ್ ಆಗಬೇಕಂತೆ. ಇದನ್ನು ಬರೆಯುತ್ತಿರುವಾಗ ಫೋನ್ ಬಂತು, ಕಾಕಿಯದು. ಹಲೋ ಇಲ್ಲ, ಏನಿಲ್ಲ. ಒಮ್ಮೆಲೇ ಅದೇ ಕೂಗು, ಆಮೇಲೆ ಕಾಯುವ ಮೌನ. ನಾನು ಕಿಟಕಿ ಕಡೆ ನೋಡಿದೆ. ತೆರೆದೇ ಇತ್ತು, ಎದುರು ಮನೆಯವರು ಅರಿವೆ ಒಣಹಾಕುತ್ತಿದ್ದರು. ನೋಡಿದರೆ ನೋಡಲಿ ಎಂದು, ಎದೆತುಂಬ ಉಸಿರೆಳೆದುಕೊಂಡು, ಜವಾಬು ಕೊಟ್ಟೆ.