ಅಣ್ಣನ ಮುಂದೆ ಚಾಚಿದ ಕಾಲು

ದೊಡ್ಡಪ್ಪನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಡಿ ಊರಿನಲ್ಲಿ ನಿಂಬೆ ತೋಟ ಮಾಡಿಕೊಂಡಿದ್ದ ಆ ಮನುಷ್ಯ ಸಿಂದಗಿಯ ನಮ್ಮ ಮನೆಗೆ ಬಂದರೆ ಸಾಕು, ಅಪ್ಪ ಉಣ್ಣುವ ತಾಟು ಬಿಟ್ಟು ಎದ್ದು ನಿಲ್ಲುತ್ತಿದ್ದ. ಅಣ್ಣನ ಎದುರು ಅವನು ಕಾಲು ಚಾಚಿ ಕೂತಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ತನ್ನ ಬಟ್ಟೆ ಅಂಗಡಿಯಲ್ಲಿ ಅಪ್ಪ ಊರಿಗೆಲ್ಲ ಸಾಹುಕಾರ, ಅಣ್ಣನ ಮುಂದೆ ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗ. "ಕೂಡೋ ತಮ್ಮಾ" ಎಂದು ದೊಡ್ಡಪ್ಪ ಹೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಆ ನಿಲ್ಲುವಿಕೆಯನ್ನು ತನ್ನ ಹಕ್ಕೆಂಬಂತೆ ನೋಡುತ್ತ ಎಲೆ ಅಡಿಕೆ ಜಗಿಯುತ್ತಿದ್ದ.

ತೊಂಬತ್ತರ ದಶಕದಲ್ಲಿ ಅಪ್ಪನಿಗೆ ಬೈಪಾಸ್ ಆಯಿತು. ಕಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸಿದ್ದರು. ಅಪ್ಪ ಇನ್ನೂ ಕೆಮ್ಮಲೂ ಹೆದರುತ್ತಿದ್ದಾಗ ದೊಡ್ಡಪ್ಪ ಹಾಸಿಗೆಯ ಪಕ್ಕ ನಿಂತು, "ಕಾಲಾಗಿನ ನರ ಎದಿಯಾಗ ಎಷ್ಟು ದಿನ ಬಾಳತೈತಿ?" ಎಂದಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದೇ ನಾಳ ಕಿರಿದಾಗಿ ಎದೆನೋವು ಮರಳಿ ಬಂತು. ಅಪ್ಪನಿಗಾಗಿ ಅಳು ಬಂತು, ನಿಜ. ಆದರೆ ಆ ಮುದುಕನ ಮಾತು ನಿಜವಾಯಿತಲ್ಲ ಎಂಬ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

ಹೈದರಾಬಾದಿನ ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು ಗುಲಬರ್ಗಾ ಕಡೆಯವರು. ನನಗೂ ಅವ್ವನಿಗೂ ತಿಳಿಯುವಂತೆ ಹೇಳಿದರು. "ಎದಿ ಮತ್ತೊಮ್ಮಿ ತೆರಿಯೂದು ಈ ವಯಸ್ಸಿನ್ಯಾಗ ಅಪಾಯ ಐತ್ರಿ. ತೊಡಿ ಸಂದಿಯಿಂದ ಸಣ್ಣ ನಳಿಗಿ ಹಾಯಿಸಿ, ಕಿರಿದಾದಲ್ಲಿ ಸ್ಟೆಂಟ್ ಕೂಡಸ್ತೇವಿ. ಆದ್ರ ಇಂಥ ನಾಳದಾಗ ಕಟ್ಟಿದ ಹೊಲಸು ಭಾಳ ಮೆತ್ತಗ ಇರ್ತೈತಿ. ಅದರ ಚೂರು ಮುಂದ ಹರದು ಹೋದ್ರ ಹಾರ್ಟ್ ಅಟ್ಯಾಕೇ ಆಗಬಹುದು. ಅದಕ್ಕ ಮೊದಲೇ ನಾಳದಾಗ ಆ ಜಾಗದ ಮುಂದ ಬಲೆಯಂಥ ಒಂದು ಸಣ್ಣ ಜಾಳಗಿ ಬಿಚ್ಚಿ, ಚೂರು ಹಿಡದು ಹೊರಗ ತಗೀತೇವಿ."

ಇದನ್ನು ಅವ್ವ ಫೋನಿನಲ್ಲಿ ದೊಡ್ಡಪ್ಪನಿಗೆ ಒಪ್ಪಿಸಿದಳು. ಅವನ ಒಪ್ಪಿಗೆ ಯಾರಿಗೆ ಬೇಕಿತ್ತೋ! "ತೆರದು ಮಾಡಿದ್ದೇ ಕೆಟ್ಟೈತಿ, ತಂತಿ ತುರುಕಿದ್ದು ನಿಂದರತೈತೇನು? ಮನಿಗೆ ಕರಕೊಂಡು ಬರ್ರಿ," ಎಂದ. ನಾನು ಅವ್ವನ ಕೈಯಿಂದ ಕಸಿದು ಫೋನ್ ಇಟ್ಟೆ.

ಸ್ಟೆಂಟ್ ಕೂಡಿಸುವ ಕೆಲಸ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ಅಪ್ಪನನ್ನು ವಾರ್ಡಿಗೆ ತಂದು ಮಲಗಿಸಿದರು. ತೊಡೆಸಂದಿಯಲ್ಲಿ ಬಿಗಿಯಾದ ಪಟ್ಟಿ. ಬಲಗಾಲು ನೆಟ್ಟಗೆ ಚಾಚಿಯೇ ಇರಬೇಕು, ಮಡಚಿದರೆ ಒಳಗಿನ ಗಾಯ ಬಿಚ್ಚಿ ರಕ್ತ ಹರಿಯುತ್ತದೆ ಎಂದು ನರ್ಸ್ ಹೇಳಿದಳು. ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಪ್ಪ ತಲೆಯಾಡಿಸಿದ. ಕೇಳದೆ ಇರುವ ಮನುಷ್ಯನೇ ಅಲ್ಲ ಅವನು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ದೊಡ್ಡಪ್ಪ! ಬರುತ್ತೇನೆಂದು ಒಂದು ಮಾತಿಲ್ಲ, ಬಸ್ಸಿನ ಧೂಳು ಹೊತ್ತುಕೊಂಡು ನೇರ ಬಂದು ಮಂಚದ ಕಾಲ್ದೆಸೆಯಲ್ಲಿ ನಿಂತ. ಅಪ್ಪನ ಅಂಗಾಲು ಅವನ ಮುಖಕ್ಕೆ ಸರಿಯಾಗಿ ಎದುರಾಗಿತ್ತು.

"ಅಣ್ಣಾ," ಎಂದ ಅಪ್ಪ. ನಾನು ಕೈ ಚಾಚುವುದರೊಳಗೆ ಕಾಲು ಮಡಚಿ ಎದ್ದು ಕೂತ.

ಹಾಸಿಗೆ ಕೆಂಪಾಯಿತು. ನರ್ಸ್ ಓಡಿ ಬಂದು ಅಪ್ಪನನ್ನು ಹಿಂದಕ್ಕೆ ಮಲಗಿಸಿ, ಎರಡೂ ಕೈಯಿಂದ ತೊಡೆಸಂದಿಯನ್ನು ಒತ್ತಿ ಹಿಡಿದು ಡಾಕ್ಟರನ್ನು ಕೂಗಿದಳು. ಅಪ್ಪನ ಮುಖ ಬೂದಿಬಣ್ಣಕ್ಕೆ ತಿರುಗಿ ಹಣೆಯಲ್ಲಿ ಬೆವರೊಡೆಯಿತು. ಸತ್ತೇಹೋದ ಅಂದುಕೊಂಡೆ. ದೊಡ್ಡಪ್ಪ ಕದಲದೆ ನಿಂತಿದ್ದ.

"ಹೊರಗ ನಡೀರಿ!" ಎಂದು ಕಿರುಚಿದೆ. "ನಿಮಗ ಮರ್ಯಾದಿ ಕೊಟ್ಟು ಕೊಟ್ಟು ನಿಮ್ಮ ತಮ್ಮ ಸಾಯಾಕತ್ತಾನ. ಇನ್ನೂ ಎಷ್ಟು ಬೇಕು ನಿಮಗ?"

ಅವ್ವ ನನ್ನ ಬಾಯಿ ಮುಚ್ಚಲು ಬಂದಳು. ನಾನು ಅವಳ ಕೈ ತಳ್ಳಿದೆ. ನಮ್ಮ ಮನೆತನದಲ್ಲಿ ಹೆಣ್ಣುಮಗಳೊಬ್ಬಳು ಆ ಮನುಷ್ಯನ ಮೇಲೆ ದನಿ ಎತ್ತಿದ್ದು ಅದೇ ಮೊದಲು, ನನಗೆ ಅದರಿಂದ ಹಿತವೇ ಆಯಿತು.

ಡಾಕ್ಟರು ಬಂದು ತಾವೇ ಒತ್ತಿ ಹಿಡಿದರು. ಬಹಳ ಹೊತ್ತಿನ ಮೇಲೆ ರಕ್ತ ನಿಂತಿತು. ಅಪ್ಪ ಕಣ್ಣು ತೆರೆಯದೆ ತುಟಿ ಅಲ್ಲಾಡಿಸಿದ. ನೀರು ಕೇಳುತ್ತಾನೇನೋ ಎಂದು ಬಾಗಿದೆ.

"ಯವ್ವಾ, ಅಣ್ಣ ನಿಂತಾನ. ಒಂದು ಕುರ್ಚಿ ಹಾಕು."

ಹಾಕಿದೆ. ಬಾಗಿಲಿನ ಆಚೆ, ಅಪ್ಪನ ಕಣ್ಣಿಗೆ ಬೀಳದ ಕಡೆ. ದೊಡ್ಡಪ್ಪ ಹೋಗಿ ಅದರಲ್ಲಿ ಕೂತ. ಇನ್ನು ಅಪಾಯವಿಲ್ಲ ಎಂದು ಡಾಕ್ಟರು ಹೇಳುವವರೆಗೂ ಕೂತೇ ಇದ್ದ. ನೀರು ಬೇಕೇ ಎಂದು ನಾನು ಕೇಳಲಿಲ್ಲ.