ಕೆರೆ ಅಂಗಳದಲ್ಲಿ ನಾನು ಎಣಿಸಿದ ಎಣಿಕೆ

ಅಣ್ಣನ ಎಡಗೈಯಲ್ಲಿ ಎರಡೇ ಬೆರಳಿದ್ದವು, ಹೆಬ್ಬೆರಳು ಮತ್ತು ಅದರ ಪಕ್ಕದ್ದು. ಹೋದ ಮಾಘದಲ್ಲಿ ಅವನನ್ನು ಜಗಲಿಯ ಮೇಲೆ ಮಲಗಿಸಿ ಕೊನೆಯ ಸ್ನಾನ ಮಾಡಿಸುವಾಗ ಆ ಕೈಯನ್ನು ತೊಳೆದವನು ನಾನೇ. ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಅಲ್ಲಿಗೆ ಹೋಯಿತು. ಅದು ಹಾಗಾದದ್ದು ಹೇಗೆ ಅಂತ ನಮ್ಮ ನೆಂಟರಿಗೆಲ್ಲ ಗೊತ್ತು. ಅಣ್ಣನೇ ಹೇಳಿದ್ದ, ನೂರು ಸಲ. ಆದರೆ ಅವನಿಗೆ ಗೊತ್ತಿದ್ದದ್ದು ಅರ್ಧ. ಉಳಿದರ್ಧವನ್ನು ನಾನು ಐವತ್ತು ವರ್ಷದ ಮೇಲೆ ಬಾಯೊಳಗೇ ಇಟ್ಟುಕೊಂಡಿದ್ದೆ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಅಣ್ಣ ಮಳವಳ್ಳಿಯಿಂದ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸು ಓಡಿಸುತ್ತಿದ್ದ. ಹಿಂದುಗಡೆ ಇದ್ದಿಲ ಒಲೆ ಕಟ್ಟಿದ ಗ್ಯಾಸಿನ ಬಸ್ಸು ಅದು. ದಿಬ್ಬ ಬಂದರೆ ಜನ ಇಳಿದು ನಡೆಯಬೇಕು, ಅಣ್ಣ ಮುಖ ಮಸಿ ಮಾಡಿಕೊಂಡು ಒಲೆ ಕೆದಕಬೇಕು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿ ಮದ್ದೂರಿನ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿ ಒಂದು ವರ್ಷವಾಗಿತ್ತು. ನನಗೆ ಇಪ್ಪತ್ತು, ಅವನಿಗೆ ಇಪ್ಪತ್ತನಾಲ್ಕು.

ಪೂರಿಗಾಲಿ ಕಡೆಯ ದೊಡ್ಡ ಜಮೀನಿನವರೊಬ್ಬರ ಕೊಟ್ಟಿಗೆಯಲ್ಲಿ ಹಳೆಯ ಮೋಟಾರೊಂದು ನಿಂತಿತ್ತು. ಟಾಪು ಗೆದ್ದಲು ತಿಂದಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಅಣ್ಣ ಅವರ ತೋಟದ ನೀರೆತ್ತುವ ಇಂಜಿನ್ನು ರಿಪೇರಿ ಮಾಡಿಕೊಟ್ಟಾಗ ಅವರು, "ಆ ಡಬ್ಬಾನೂ ಎತ್ಕೊಂಡೋಗಯ್ಯ, ಜಾಗ ಕಾಲಿಯಾಗ್ಲಿ" ಅಂದರಂತೆ. ಎರಡು ಜೋಡಿ ಎತ್ತು ಕಟ್ಟಿ ಎಳೆಸಿಕೊಂಡು ಬಂದ.

ಅದರ ತಗಡೆಲ್ಲ ಬಿಚ್ಚಿದ. ಬಾಗಿಲಿಲ್ಲ, ಮಡ್‌ಗಾರ್ಡಿಲ್ಲ, ಗಾಜಿಲ್ಲ. ಗಾಡಿ ಮಾಡುವ ಆಚಾರಿಯ ಕೈಲಿ ಹಗುರ ಮರದ ಬಾಡಿ ಕಟ್ಟಿಸಿ, ನಡುವೆ ಒಬ್ಬನೇ ಕೂರುವ ಸೀಟಿಟ್ಟ. ನೋಡಿದವರು "ಮೂತಿ ಇರೋ ಮಂಚ" ಅನ್ನುತ್ತಿದ್ದರು. ಅದೇ ಹೊತ್ತಿಗೆ ಮದ್ದೂರಿನ ಒಬ್ಬ ಮೆಕ್ಯಾನಿಕ್, ಅಣ್ಣನ ಸ್ನೇಹಿತನೇ, ತಾನೂ ಒಂದು ಹಳೆಯ ಕಾರನ್ನು ಹೀಗೇ ಬೋಳು ಮಾಡಿಕೊಂಡಿದ್ದ. ಇಬ್ಬರಿಗೂ ಭಾನುವಾರ ಕೆಲಸವಿರಲಿಲ್ಲ. ಕೆರೆ ಒಣಗಿತ್ತು.

ಆಟ ಇಷ್ಟೇ. ಕೆರೆ ಅಂಗಳದಲ್ಲಿ ಹತ್ತು ಒಡಕು ಮಡಕೆಗಳನ್ನು ಬೋರಲು ಹಾಕಿ ಅಂಕುಡೊಂಕಾಗಿ ಇಡುವುದು. ಒಂದು ಸಲಕ್ಕೆ ಒಂದೇ ಗಾಡಿ. ಒಂದರ ಎಡಕ್ಕೆ, ಮುಂದಿನದರ ಬಲಕ್ಕೆ ಹೀಗೆ ಸುತ್ತಿಕೊಂಡು ಹೋಗಿ ಕೊನೆಯ ಮಡಕೆಯನ್ನು ಬಳಸಿ ಹೊರಟ ಗೆರೆಗೇ ಬರಬೇಕು. ಒಂದು ಓಟಕ್ಕೆ ಒಂದು ಶೀಷೆ ಪೆಟ್ರೋಲು. ಆಗಿನ್ನೂ ಅದು ರೇಷನ್ ಚೀಟಿಯ ಮೇಲೆ ಸಿಗುತ್ತಿದ್ದ ಕಾಲ, ಶೀಷೆಯೇ ಹೆಚ್ಚು. ಮಡಕೆ ಒಡೆದರೆ ಎಣಿಕೆಗೆ ಹತ್ತು ಸೇರುತ್ತದೆ. ಒಬ್ಬೊಬ್ಬನಿಗೆ ಎರಡೆರಡು ಓಟ, ಕಡಿಮೆ ಎಣಿಕೆ ಬಂದವನು ಗೆದ್ದ. ಗೆದ್ದವನಿಗೆ ಏನೂ ಇಲ್ಲ, ಸೋತವನು ಹೋಟಲಿನಲ್ಲಿ ಎಲ್ಲರಿಗೂ ಕಾಫಿ ಕುಡಿಸಬೇಕು.

ಅಣ್ಣ ಮಾಡಿದ ಕಟ್ಟಳೆಗಳು ಇನ್ನೂ ಇದ್ದವು. ನೋಡುವವರು ಏರಿಯ ಮೇಲೇ ನಿಲ್ಲಬೇಕು, ಅಂಗಳಕ್ಕೆ ಇಳಿಯಕೂಡದು. ಓಡಿಸುವವನು ಸೊಂಟಕ್ಕೆ ಹಗ್ಗ ಸುತ್ತಿ ಸೀಟಿಗೆ ಬಿಗಿಯಬೇಕು. ಹೊಸ ಬಾಡಿ ತೀರ ಹಗುರ, ತಿರುವಿನಲ್ಲಿ ಹಿಂದಿನ ಚಕ್ರ ನೆಲ ಬಿಡುತ್ತದೆ ಅಂತ ಎರಡು ಮೂಟೆ ಮರಳನ್ನು ಹಿಂದುಗಡೆ ತಳಕ್ಕೆ ಕಟ್ಟಿದ್ದ. ಮೆಕ್ಯಾನಿಕ್ ಅದನ್ನು ನೋಡಿ ನಗುತ್ತಿದ್ದ.

"ಲೇ, ಬಸ್ಸಿನ ಅಭ್ಯಾಸ ಓಗ್ಲಿಲ್ಲ ಕಣ್ಲಾ ನಿಂಗೆ. ಇಲ್ಲೂ ಲಗೇಜು ಆಕೊಂಡು ಬತ್ತೀಯ!"

"ನಗು ನಗು. ಆಟ ಆಡಿ ಮನೀಗೋಗ್ಬೇಕು ಕಣ್ಲಾ. ನಾಳೆ ಬೆಳಿಗ್ಗೆ ಬಸ್ಸೈತೆ."

ಎಣಿಸುವ ಕೆಲಸ ನನ್ನದು. ನಮ್ಮಲ್ಲಿ ಕೈಗಡಿಯಾರ ಯಾರ ಹತ್ತಿರವಿತ್ತು? ಅಣ್ಣ ನನ್ನನ್ನು ಮದ್ದೂರು ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಗೋಡೆ ಗಡಿಯಾರದ ಮುಂದೆ ನಿಲ್ಲಿಸಿದ. ಸೆಕೆಂಡಿನ ಮುಳ್ಳಿನ ಜೊತೆ ಒಂದರಿಂದ ಅರವತ್ತರವರೆಗೆ ಎಣಿಸಬೇಕು, ಆಮೇಲೆ ಕಣ್ಣು ಮುಚ್ಚಿ ಎಣಿಸಬೇಕು. ಮೂರು ಸಂಜೆ ಹೀಗೆ ನಿಲ್ಲಿಸಿದ. ಕಣ್ಣು ಮುಚ್ಚಿದ್ದರೂ ಅರವತ್ತಕ್ಕೆ ಮುಳ್ಳು ಸರಿಯಾಗಿ ಮೇಲಕ್ಕೆ ಬಂದು ನಿಂತ ದಿನ ನನ್ನ ಬೆನ್ನು ತಟ್ಟಿದ.

"ಸ್ಟೇಷನ್ ಗಡಿಯಾರನ ಕೆರೆಗೆ ತರಾಕಾಗಕಿಲ್ಲ, ನಿನ್ ಬಾಯ್ನ ತರ್ಬೋದು."

ನಾನು ಏರಿಯ ಮೇಲೆ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದೆ. ಜನ ನನ್ನ ಜೊತೆ ಸೇರಿಕೊಳ್ಳುತ್ತಿದ್ದರು. ಇಪ್ಪತ್ತು ದಾಟುವುದರೊಳಗೆ ಏರಿಗೆ ಏರಿಯೇ ಒಂದೇ ದನಿಯಲ್ಲಿ ಎಣಿಸುತ್ತಿತ್ತು, ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುವ ಹಾಗೆ.

ನನಗೂ ಓಡಿಸುವ ಆಸೆಯಿತ್ತು. ಕಾಡಿ ಬೇಡಿ ಒಂದು ಭಾನುವಾರ ಸೀಟಿನಲ್ಲಿ ಕೂತೆ. ಅಣ್ಣ ಹಗ್ಗ ಬಿಗಿದು, "ಮೊದ್ಲು ನಿಧಾನಕ್ಕೆ ಒಂದು ಸುತ್ತು ಓಗು. ದಾರಿ ಕಲ್ತ್ ಮೇಲೆ ಬಿರಸು" ಅಂದ. ನಾನು ಕೇಳಲಿಲ್ಲ. ನಾಲ್ಕು ಮಡಕೆ ಒಡೆದೆ, ಐದನೆಯದು ಚಕ್ರಕ್ಕೆ ಸಿಕ್ಕಿ ಗಾಡಿ ನಿಂತೇಹೋಯಿತು. ಅಣ್ಣ ಓಡಿ ಬಂದ. ಮುಖ ಬಿಳುಚಿತ್ತು. ಈಗ ಗೊತ್ತು, ಅದು ಹೆದರಿಕೆ. ಆಗ ನನಗೆ ಕೇಳಿಸಿದ್ದು ಮಾತು ಮಾತ್ರ.

"ಇಳಿಯೋ ಕೆಳಕ್ಕೆ! ಚಕ್ರ ಇಡಿಯೋ ಕೈಯಲ್ಲ ನಿಂದು. ಓಗು, ನಿಂತ್ಕೊಂಡು ಎಣ್ಸು. ಅದೇ ನಿಂಗೆ ಲಾಯಕ್ಕು."

ಏರಿ ಮೇಲಿದ್ದವರೆಲ್ಲ ನಕ್ಕರು. ಆಮೇಲೆ ಒಂದು ವಾರ ಪೇಟೆಯಲ್ಲಿ ಎದುರಾದವರೆಲ್ಲ "ಏನ್ ಎಣಿಕೆ ಮೇಷ್ಟ್ರೇ" ಅಂತಲೇ ಮಾತಾಡಿಸಿದರು. ಅಣ್ಣ ಅದನ್ನು ಆ ಸಂಜೆಯೇ ಮರೆತಿದ್ದ. ಊಟದ ಹೊತ್ತಿನಲ್ಲಿ ತನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ. ನಾನು ತಿಂದೆ. ಮರೆಯಲಿಲ್ಲ.

ಮುಂದಿನ ಭಾನುವಾರ ಮಂಡ್ಯದಿಂದಲೂ ಜನ ಬಂದಿದ್ದರು. ಮೆಕ್ಯಾನಿಕ್ ಮೊದಲು ಓಡಿಸಿದ. ನಾನು ಸ್ಟೇಷನ್ ಗಡಿಯಾರದ ಹಾಗೆ ಎಣಿಸಿದೆ. ನೂರಾ ಹದಿನಾಲ್ಕು. ಒಂದು ಮಡಕೆಯೂ ಒಡೆದಿರಲಿಲ್ಲ.

ಆಮೇಲೆ ಅಣ್ಣ ಹೊರಟ. ಅವನು ಓಡಿಸುವುದು ನೋಡಲು ಚೆಂದ. ಮಡಕೆ ಬರುವ ಮುಂಚೆಯೇ ವೇಗ ಇಳಿಸಿ, ತಿರುಗಿದ ಮೇಲೆ ಬಿಡುತ್ತಿದ್ದ. ಗದ್ದಲವಿಲ್ಲ, ಧೂಳೂ ಕಡಿಮೆ. ಮೂವತ್ತರವರೆಗೆ ನಾನು ಸರಿಯಾಗಿಯೇ ಎಣಿಸಿದೆ. ಈ ಸಲವೂ ಇವನೇ ಗೆಲ್ಲುತ್ತಾನೆ ಅನ್ನಿಸಿತು. ಒಂದು ಸಲವಾದರೂ ಈ ಏರಿಯ ಮುಂದೆ ಇವನು ತಲೆ ತಗ್ಗಿಸಿ ಬರಲಿ, ಒಂದು ಕಾಫಿ ಸೋಲಲಿ, ಅಷ್ಟೆ, ಅಂದುಕೊಂಡೆ. ನನ್ನ ಎಣಿಕೆ ಚುರುಕಾಯಿತು. ಜನರೂ ಅದರ ಹಿಂದೆ ಚುರುಕಾದರು. ಯಾರಿಗೂ ಗೊತ್ತಾಗಲಿಲ್ಲ, ಉತ್ಸಾಹಕ್ಕೆ ಹಾಗಾಯಿತು ಅನ್ನುವಂತಿತ್ತು. ನಾನೂ ಬಹಳ ವರ್ಷ ನನಗೆ ಹಾಗೇ ಹೇಳಿಕೊಂಡೆ. ಅದು ಸುಳ್ಳು. ಮುಳ್ಳಿನ ನಡಿಗೆ ನನ್ನ ಕಿವಿಯಲ್ಲಿತ್ತು, ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು.

ಅವನು ಗೆರೆ ದಾಟಿದಾಗ ನೂರಾ ಇಪ್ಪತ್ತೊಂದು.

ಅಣ್ಣ ಹಗ್ಗ ಬಿಚ್ಚಿಕೊಂಡು ಏರಿಯ ಬುಡಕ್ಕೆ ಬಂದ.

"ಎಷ್ಟ್ಲಾ?"

"ನೂರಾ ಇಪ್ಪತ್ತೊಂದು."

"ಬೇಗ ಬಂದಂಗಾಯ್ತಲ್ಲ ನಂಗೆ. ಸರ್ಯಾಗ್ ಎಣ್ಸಿದ್ಯಾ?"

"ಎಲ್ರೂ ಎಣ್ಸಿದ್ರಲ್ಲ, ಕೇಳು."

ಅವನು ಯಾರನ್ನೂ ಕೇಳಲಿಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ನೀನು ಏಳಿದ್ ಮೇಲೆ ಇನ್ನೇನು" ಅಂದು ಹಿಂತಿರುಗಿದ. ಮೆಕ್ಯಾನಿಕ್ ಆ ಕಡೆಯಿಂದ ಕೂಗಿದ: "ಲಗೇಜು ಇಳ್ಸ್ಲಾ, ಪಾಸಿಂಜರು ಬೇಗ ಓಗ್ಬೇಕಂತೆ!"

ಇಬ್ಬರಿಗೂ ಇನ್ನೊಂದೊಂದು ಓಟ ಉಳಿದಿತ್ತು. ಅಣ್ಣ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ವಲ್ಪ ಹೊತ್ತು ಚಕ್ರ ನೋಡಿದ. ಆಮೇಲೆ ಎದ್ದು ಎರಡೂ ಮೂಟೆಯನ್ನು ಬಿಚ್ಚಿ ಕೆಳಕ್ಕೆ ಉರುಳಿಸಿದ. ಏರಿ ಮೇಲೆ ಕೇಕೆ ಎದ್ದಿತು. ಆಗ ನಾನು ಬಾಯಿ ತೆರೆಯಬೇಕಿತ್ತು. "ಅಣ್ಣ, ಎಣಿಕೆ ತಪ್ಪಾಯ್ತು, ನೀನೇ ಮುಂದಿರ್ಬೋದು" ಅನ್ನಲು ಎಷ್ಟು ಹೊತ್ತು ಬೇಕು? ಎಲ್ಲರ ಮುಂದೆ ಎಣಿಸಲೂ ಬಾರದವನಾಗುತ್ತೇನೆ ಅಂತ ಸುಮ್ಮನಿದ್ದೆ. ಅವನು ಹಗ್ಗ ಮಾತ್ರ ಮರೆಯದೆ ಬಿಗಿದುಕೊಂಡ. ನಾನು "ಒಂದು" ಅಂದೆ.

ಮೂರನೆಯ ಮಡಕೆಯ ಹತ್ತಿರ ಹಿಂದಿನ ಚಕ್ರ ನೆಲ ಬಿಟ್ಟಿತು. ಗಾಡಿ ಎಡಕ್ಕೆ ವಾಲಿತು, ಅವನು ಎಡಗೈಯನ್ನು ನೆಲಕ್ಕೆ ಊರಿದ, ಬಾಡಿಯ ಅಂಚು ಅದರ ಮೇಲೆ ಬಂದು ಕೂತಿತು. ಹಗ್ಗ ಇದ್ದದ್ದರಿಂದ ಕುತ್ತಿಗೆ ಉಳಿಯಿತು. ಏರಿ ಮೇಲೆ ನನ್ನ ಬಾಯಿ ನಿಂತಿದ್ದರೂ ಯಾರೋ ಇಬ್ಬರು ಇನ್ನೂ ಎಣಿಸುತ್ತಲೇ ಇದ್ದರು.

ಮಂಡ್ಯದ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಅದು ಗೇರು ಹಾಕುವ ಕೈ. ಬಸ್ಸಿನ ಯಜಮಾನರು ಒಳ್ಳೆಯವರು, ಅದೇ ಬಸ್ಸಿನಲ್ಲಿ ಅವನಿಗೆ ಟಿಕೆಟ್ ಹರಿಯುವ ಕೆಲಸ ಕೊಟ್ಟರು. ತಾನು ಕೂರುತ್ತಿದ್ದ ಸೀಟಿನಲ್ಲಿ ಬೇರೊಬ್ಬನನ್ನು ನೋಡುತ್ತ ಅಣ್ಣ ಹಿಂದಿನ ಬಾಗಿಲಲ್ಲಿ ನಿಂತು ಹೋಗುವುದನ್ನು ನಾನು ಶಾಲೆಯ ಕಿಟಕಿಯಿಂದ ದಿನಾ ನೋಡುತ್ತಿದ್ದೆ. ಒಳಗೆ ಮಕ್ಕಳಿಗೆ ಎಣಿಸುವುದನ್ನು ಕಲಿಸುತ್ತಿದ್ದೆ.

ಆಮೇಲೆ ಅವನಿಗೆ ಮದುವೆಯಾಯಿತು, ಮಗ ಹುಟ್ಟಿದ. ಹೊಸ ಡ್ರೈವರು ಯಾರೇ ಸಿಕ್ಕಲಿ, ಅಣ್ಣ ಆ ಕೈಯನ್ನು ಮುಂದೆ ಹಿಡಿದು ಕಥೆ ಹೇಳುತ್ತಿದ್ದ. "ಇದು ಆಸೆಬುರುಕತನ ಕಣ್ರಪ್ಪ. ಸರ್ಯಾಗಿದ್ದ ಗಾಡೀನ ನಾನೇ ಕೆಡ್ಸ್ದೆ. ನಿಧಾನ ಆಗೋಗಿದ್ದೆ, ಅದ್ನ ಒಪ್ಕಳ್ಳೋಕಾಗ್ಲಿಲ್ಲ." ನಾನು ಅಲ್ಲಿದ್ದರೆ ನನ್ನ ಕಡೆ ತಿರುಗಿ, "ಎಷ್ಟ್ಲಾ ಅವತ್ತು?" ಅನ್ನುತ್ತಿದ್ದ. ನಾನು "ನೂರಾ ಇಪ್ಪತ್ತೊಂದು" ಅನ್ನುತ್ತಿದ್ದೆ. ಪ್ರತಿ ಸಲವೂ ಅಂದೆ.

ಮಾಘದಲ್ಲಿ ಅವನು ಮಲಗಿದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಗಂಜಿ ಕುಡಿಸುತ್ತಿದ್ದೆ. "ಆ ಮೊದ್ಲನೇ ಓಟ ಚೆನ್ನಾಗಿತ್ತು ಕಣ್ಲಾ. ಅದ್ಯಾಕೆ ಅಷ್ಟಾಯ್ತೋ" ಅಂದ. ಚಮಚ ನನ್ನ ಕೈಯಲ್ಲಿತ್ತು. "ಗಂಜಿ ಆರೋಗ್ತದೆ, ಕುಡಿ" ಅಂದೆ. ಅದಾಗಿ ನಾಲ್ಕು ದಿನಕ್ಕೆ ಹೋದ.

ತಿಥಿಯ ದಿನ ನೆಂಟರೆದುರು ಅವನ ಮಗ ಅದೇ ಕಥೆ ಹೇಳಿ, "ಎಷ್ಟು ಚಿಕ್ಕಪ್ಪ ಅವತ್ತು?" ಅಂದ. ನನಗೆ ಬಾಯಿ ಬರಲಿಲ್ಲ. ಮುದುಕನಿಗೆ ಅಳು ಬಂತು ಅಂತ ಎಲ್ಲರೂ ಸುಮ್ಮನಾದರು. ಆ ಮರ್ಯಾದೆಯನ್ನೂ ಪುಕ್ಕಟೆ ತೆಗೆದುಕೊಂಡೆ.

ಮಾರನೆಯ ದಿನ ಅತ್ತಿಗೆ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಈಗ ಯಾರಿಗೇಳ್ತಿದ್ದೀಯಪ್ಪ? ಅವ್ರಿದ್ದಾಗ ಏಳಿದ್ರೆ ಒಂದಿನ ಬಯ್ದು ಸುಮ್ನಾಗೋರು. ನೀನು ಏಳ್ಲಿಲ್ಲ, ಬದ್ಕಿರೋಗಂಟ ತಮ್ಗೆ ತಾವೇ ಬಯ್ಕೊಂಡ್ರು."

ನಾನೂ ಒಂದು ಹಿಡಿ ಕಾಯಿ ಎತ್ತಿಕೊಂಡೆ.

"ನಂಗೇಳಿ ಏನ್ ಬಂತು? ಮಗನ್ಗೇಳು. ಅಪ್ಪ ದಡ್ಡ ಅಂತ ಅವ್ನು ಊರೆಲ್ಲ ಏಳ್ಕೊಂಡು ತಿರುಗ್ತಾವ್ನೆ."

ಮಗ ಈಗ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಸ್ಸು ಓಡಿಸುತ್ತಾನೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಂಡ ಮೇಲೆ ಹೇಳಿದೆ. ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಟವಲನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಪಕ್ಕ ಕೂತ.

"ಅಂಗಾದ್ರೆ ನಿಜವಾಗ್ಲೂ ಎಷ್ಟಾಗಿತ್ತು ಚಿಕ್ಕಪ್ಪ? ಅಪ್ಪ ಗೆದ್ದಿದ್ರಾ?"

ಎಷ್ಟು ಮುಂದೆ ಓಡಿದೆ ಅಂತ ನಾನು ಲೆಕ್ಕವಿಟ್ಟಿರಲಿಲ್ಲ. ಏರಿ ಮೇಲಿದ್ದವರೆಲ್ಲ ನನ್ನ ಬಾಯನ್ನೇ ಹಿಡಿದು ಎಣಿಸಿದ್ದರು, ಬೇರೆ ಯಾರೂ ಬೇರೆಯಾಗಿ ಎಣಿಸಿರಲಿಲ್ಲ. ಆ ಮೊದಲನೆಯ ಓಟ ಎಷ್ಟು ಚೆನ್ನಾಗಿತ್ತು ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

"ಗೊತ್ತಿಲ್ಲ ಕಣಪ್ಪ" ಅಂದೆ.