ಮಲ್ಲೇಶಪ್ಪನವರ ಬಿಚ್ಚದ ಗಂಟು

ಮಲ್ಲೇಶಪ್ಪನವರ ಮುಖಕ್ಕಿಂತ ಮೊದಲು ಭಾನುಮತಿ ಕಂಡದ್ದು ಅವರ ಕಾಲುಗಳನ್ನು. ಖಂಡೇನವಮಿಯ ಬೆಳಿಗ್ಗೆ ಅರಿಸಿನ ಕುಂಕುಮದ ತಟ್ಟೆ ಹಿಡಿದು ಪಿಕಪ್ಪಿನ ಪೂಜೆಗೆಂದು ಹೊರಗೆ ಬಂದರೆ, ಗಾಡಿಯ ಕೆಳಗಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು.

"ಯಾರ್ರೀ ಅದು ಕೆಳಗ?"

"ನಾನ್ರಿ, ಮಲ್ಲೇಶಪ್ಪ. ಹಿಂದಿನ ಓಣ್ಯಾಗ ಹೊಸದಾಗಿ ಬಂದೀನಿ," ಎಂದಿತು ಗಾಡಿಯ ಹೊಟ್ಟೆ. ಮಾತಿನ ತಾಳಕ್ಕೆ ತಕ್ಕಂತೆ ಕಾಲ್ಬೆರಳುಗಳು ಕುಣಿದವು. "ನಿಮ್ಮ ಗಾಡಿ ನೋಡಾಕತ್ತೀನಿ."

"ಯಾರನ್ನ ಕೇಳಿ ನೋಡ್ಲಿಕ್ಕತ್ತೀರಿ?"

"ಕೇಳಿ ನೋಡಾಕ ಇದೇನು ಹೆಣ್ಣೇನ್ರಿ ಅಕ್ಕಾರ? ಗಾಡಿ!"

ಹೊರಗೆ ಬಂದವರು ಇಸ್ತ್ರಿ ಹಾಕಿದ ಅಂಗಿಯ ಮೇಲಿನ ಧೂಳನ್ನು ಕೊಡವಿಕೊಂಡು, ತಾವು ವಾಯುಪಡೆಯಲ್ಲಿ ಫಿಟರ್ ಆಗಿದ್ದುದನ್ನೂ, ತಾವು ಕೈಯಿಟ್ಟ ವಿಮಾನ ಒಂದೂ ಕೆಳಗೆ ಬೀಳದಿದ್ದುದನ್ನೂ ತಿಳಿಸಿದರು. ಇಳಿಯಬೇಕಾದಾಗ ಅವು ಏನು ಮಾಡುತ್ತಿದ್ದವೋ ಭಾನುಮತಿ ಕೇಳಲಿಲ್ಲ. ಪೂಜೆಯ ಹೊತ್ತು ಮೀರುತ್ತಿತ್ತು.

ಆ ಪಿಕಪ್ ಅವಳ ಗಂಡ ಬಿಟ್ಟುಹೋದ ಆಸ್ತಿ. ಬ್ಯಾಂಕಿನಿಂದ ನಿವೃತ್ತರಾದವರು ಕಾಶಿ ರಾಮೇಶ್ವರ ತಿರುಗಲು ಒಂದು ಕಾರು ನೋಡಿ ಬರುತ್ತೇನೆಂದು ಹರಾಜಿಗೆ ಹೋಗಿ, ಯಾವುದೋ ಪರದೇಶದ ಕಂಪನಿ ಕೆಲಸ ಮುಗಿಸಿ ಬಿಟ್ಟುಹೋದ ಪಿಕಪ್ಪನ್ನು ಏರಿ ಬಂದಿದ್ದರು. ಕಾಶಿಗೆ ಮಾತ್ರ ಅವರೊಬ್ಬರೇ ಹೋದರು, ಅದೂ ಬೂದಿಯಾಗಿ. ಆಮೇಲೆ ಗಾಂಧಿಬಾಗಿನ ಇಕ್ಕಟ್ಟಾದ ಪೇಟೆಯಿಂದ ಊರಾಚೆಯ ಕಾಮಠಿಯ ಅಂಗಡಿಗಳಿಗೆ ಬಟ್ಟೆಯ ಗಂಟುಗಳನ್ನು ಸಾಗಿಸುವ ಕೆಲಸಕ್ಕೆ ಆ ಗಾಡಿ ಬಿತ್ತು. ಓಡಿಸುವವನು ಪಾಂಡುರಂಗ. ಆ ಮರಾಠಿ ಊರಿನವನೇ, ಮೂರು ಹೆಣ್ಣುಮಕ್ಕಳ ತಂದೆ. ಇವರ ಮನೆಯ ಊಟ ಉಂಡು ಉಂಡು ಕನ್ನಡ ಕಲಿತಿದ್ದ, ಭಾನುಮತಿಯನ್ನು ಮಾತ್ರ ತನ್ನ ಭಾಷೆಯಲ್ಲೇ ಮಾವಶಿ, ಚಿಕ್ಕಮ್ಮ, ಎನ್ನುತ್ತಿದ್ದ. ಗಂಡನಿದ್ದಾಗಿನಿಂದಲೂ ಬೇರೆ ಯಾರೂ ಆ ಗಾಡಿಯ ಸ್ಟೀರಿಂಗ್ ಮುಟ್ಟಿದವರಲ್ಲ.

ಆಗ ಊರಿನ ಟೆಂಪೋಗಳಲ್ಲಿ ಇಲ್ಲದ ಒಂದು ಡೌಲು ಆ ಪಿಕಪ್ಪಿಗೆ ಇತ್ತು. ಅದನ್ನು ಎಬಿಎಸ್ ಎನ್ನುತ್ತಿದ್ದರು. ಬ್ರೇಕನ್ನು ಜೋರಾಗಿ ಒತ್ತಿದರೂ ಗಾಲಿಗಳು ಬಿಗಿದುಕೊಂಡು ಜಾರದ ಹಾಗೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಒಂದು ಪೆಟ್ಟಿಗೆ. ಯಾವ ಗಾಲಿ ಎಷ್ಟು ತಿರುಗುತ್ತಿದೆ ಎಂಬ ಸುದ್ದಿಯನ್ನು ಒಂದೊಂದು ಗಾಲಿಯಿಂದ ಒಂದೊಂದು ಸಣ್ಣ ವೈರು ಆ ಪೆಟ್ಟಿಗೆಗೆ ಮುಟ್ಟಿಸುತ್ತಿತ್ತು. ಏನಾದರೂ ಕೆಟ್ಟರೆ ಸ್ಟೀರಿಂಗಿನ ಮುಂದೆ ಹಳದಿ ದೀಪ ಹತ್ತುತ್ತಿತ್ತು.

ಅಂದು ಪೂಜೆಯೇನೋ ಸಾಂಗವಾಗಿ ನಡೆಯಿತು. ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ದೃಷ್ಟಿಗೆಂದು ಕುದುರೆಯ ನಾಲವನ್ನು ಮುಂದಿನ ಬಂಪರಿಗೆ ಕಟ್ಟಲು ಪಾಂಡುರಂಗ ದಾರ ತೆಗೆದಾಗ ಮಲ್ಲೇಶಪ್ಪನವರು ಅವನ ಕೈ ಹಿಡಿದರು.

"ಇತವಾರಿಯಾಗ ಹೊರಗ ಕಟ್ಟಿದ ನಾಲ ಸಂಜೀತನಕ ಉಳಿತೈತೇನು? ಕಬ್ಬಿಣದ ಪೇಟೆ ಅದು. ತಾಸಿನ್ಯಾಗ ತೂಕಕ್ಕ ಹಾಕ್ತಾರ. ಇತ್ಲಾಗ ಕೊಡು."

ಅವರ ಕಿಸೆಯಿಂದ ಉಕ್ಕಿನ ತಂತಿಯ ಸುರುಳಿ ಹೊರಬಂತು. ವಿಮಾನದ ನಟ್ಟುಗಳು ಅದುರಿ ಸಡಿಲಾಗದಂತೆ ಹೆಣೆದು ಬಿಗಿಯುವ ತಂತಿ. ಮತ್ತೆ ಗಾಡಿಯ ಕೆಳಗೆ ತೂರಿ, ಬಲಗಡೆಯ ಮುಂದಿನ ಗಾಲಿಯ ಹಿಂದೆ, ಕಳ್ಳನಿಗಿರಲಿ, ಕೆಟ್ಟ ದೃಷ್ಟಿಗೂ ಕಾಣದ ಜಾಗದಲ್ಲಿ ನಾಲವನ್ನು ಹೆಣೆದು ಬಿಗಿದರು.

"ಈ ಗಂಟು ಬಿಚ್ಚಬೇಕಂದ್ರ ನಾನ ಬರಬೇಕು," ಎಂದರು. ಆ ಮಾತೊಂದು ನಿಜವಾಯಿತು.

ದೀಪಾವಳಿಯ ಹೊತ್ತಿಗೆ ಹಳದಿ ದೀಪ ಹತ್ತತೊಡಗಿತು. ಅದೂ ತನ್ನ ಮನಸ್ಸು ಬಂದಾಗ. "ಮಾವಶಿ, ಒಂದು ಮಜಾ ಹೇಳಲಾ?" ಎಂದ ಪಾಂಡುರಂಗ. "ದೀಪ ಹತ್ತಿದಾಗ ಬ್ರೇಕ್ ಬರೋಬರ್ ಹಿಡೀತದ. ದೀಪ ಇಲ್ಲ ಅಂದ್ರನ ಹೆದರಿಕಿ. ಗಲ್ಲಿಯಾಗ ತಿರುಗಿ ನಿಲ್ಲಸ್ಲಿಕ್ಕೆ ಹೋದ್ರ ಪೆಡಲ್ ಒದ್ದಂಗ ಕಾಲಿಗೆ ಲಾಥ್ ಹೊಡೀತದ, ಗಾಡಿ ಮುಂದ ಹೋಗ್ತದ."

ಮಲ್ಲೇಶಪ್ಪನವರನ್ನು ಕೇಳಿದ್ದಾಯಿತು. ಅವರು ಬ್ರೇಕಿನ ಎಣ್ಣೆ ಬದಲಿಸಿದರು, ಅದರ ಕೊಳವೆಯೊಳಗಿನ ಗಾಳಿ ತೆಗೆದರು, ಬ್ರೇಕಿನ ಲೈನರ್ ಉಜ್ಜಿದರು. ಆಮೇಲೆ ಕಾಮಠಿಯ ರಸ್ತೆಯಲ್ಲಿ ಬಾಣದ ಹಾಗೆ ನೆಟ್ಟಗೆ ಹೋಗಿ ನೆಟ್ಟಗೆ ಬಂದು ತೀರ್ಪು ಕೊಟ್ಟರು: "ಗಾಡಿ ಫಸ್ಟ್ ಕ್ಲಾಸ್ ಐತಿ. ಡ್ರೈವರನ ಕಾಲು ಬಿಗಡ್ಯಾವು."

ಆ ವಾರವೇ ಗಾಂಧಿಬಾಗಿನ ತಿರುವಿನಲ್ಲಿ ಪಿಕಪ್ ನಿಲ್ಲದೆ ಮುಂದೆ ಸರಿದು ಒಂದು ಕೈಗಾಡಿಗೆ ತಾಗಿತು. ಪುಣ್ಯಕ್ಕೆ ಎಳೆಯುವವನು ಪಕ್ಕಕ್ಕೆ ಹಾರಿದ. ಮದುವೆ ಸೀರೆಗಳ ಗಂಟು ಮಾತ್ರ ಚರಂಡಿಗೆ ಬಿದ್ದು ಯಾವ ವಧುವಿಗೂ ಒಪ್ಪದ ಬಣ್ಣಕ್ಕೆ ತಿರುಗಿತು. ಸಾಮಾನು ಕೊಡುವ ಸೇಠ್‌ಜಿ ಮನೆಗೇ ಬಂದ. ಚಹಾ ಕುಡಿದು, ಇನ್ನೊಂದು ಕಪ್ಪು ಕುಡಿದು, ಬಹಳ ಮರ್ಯಾದೆಯಿಂದ ಹೇಳಿದ: ಸೋಮವಾರದಿಂದ ಬೇರೆ ಡ್ರೈವರ್ ಇದ್ದರೆ ಗಾಡಿ ಕಳಿಸಿ, ಇಲ್ಲದಿದ್ದರೆ ಗಾಡಿಯೇ ಬೇಡ. ವಾಯುಪಡೆಯವರೇ ಪರೀಕ್ಷೆ ಮಾಡಿ ಹೇಳಿದ್ದಾರಂತಲ್ಲ, ತಪ್ಪು ಕಾಲಿನದು ಎಂದು.

ಪಾಂಡುರಂಗ ಕೀಲಿಕೈಯನ್ನು ತುಳಸಿಕಟ್ಟೆಯ ಮೇಲಿಟ್ಟು ನಿಂತ. "ಮಾವಶಿ, ನನ್ನ ಕಾಲು ಖರಾಬ್ ಅಂತ ಹೆಸರು ಬಂದ್ರ ಈ ಊರಾಗ ಯಾರೂ ಗಾಡಿ ಕೊಡೂದಿಲ್ಲ."

ಭಾನುಮತಿ ಕೀಲಿಕೈ ತೆಗೆದುಕೊಂಡು ಹಿಂದಿನ ಓಣಿಗೆ ನಡೆದಳು. "ಮಲ್ಲೇಶಪ್ಪನವರ, ನಿಮ್ಮ ಕಾಲು ಚೊಲೋ ಅವ ಅಲ್ರಿ? ಇವತ್ತ ನೀವ ಓಡಸ್ರಿ. ಕಾಮಠಿ ರಸ್ತೆ ಬ್ಯಾಡ. ಗಾಂಧಿಬಾಗಿಗೆ ನಡೀರಿ, ನಾನೂ ಬಾಜೂಕ ಕೂಡ್ತೀನಿ."

ಮೊದಲ ಗಲ್ಲಿ ಸುಸೂತ್ರವಾಗಿ ದಾಟಿತು. ಮಲ್ಲೇಶಪ್ಪನವರು ಪಾಂಡುರಂಗನ ಕಾಲುಗಳ ಬಗ್ಗೆ ಸಣ್ಣದೊಂದು ಉಪನ್ಯಾಸ ಶುರುಮಾಡಿದ್ದರು. ಎರಡನೆಯ ತಿರುವಿನಲ್ಲಿ ಬಲಕ್ಕೆ ತಿರುಗಿಸುತ್ತ ಬ್ರೇಕ್ ಒತ್ತಿದರು. ಕಟಕಟ ಎಂದಿತು. ಪೆಡಲ್ ಅವರ ಪಾದವನ್ನು ಮೇಲಕ್ಕೆ ಒದೆಯಿತು, ಉಪನ್ಯಾಸ ಅರ್ಧಕ್ಕೇ ನಿಂತಿತು, ಗಾಡಿ ನಿಲ್ಲಲಿಲ್ಲ. ಅದು ನಿಂತದ್ದು ಹೂಕೋಸಿನ ರಾಶಿಗೆ ಮೂಗು ತಾಗಿಸಿಯೇ.

"ರಸ್ತೆ ಸರಿ ಇಲ್ಲ," ಎಂದರು ಮಲ್ಲೇಶಪ್ಪನವರು.

"ಹೌದ್ರಿ. ನಿಮ್ಮ ಕಾಲಂತೂ ಸರಿ ಅವ," ಎಂದಳು ಭಾನುಮತಿ. ಹೂಕೋಸಿನವಳು ಮರಾಠಿಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆದರೆ ಒಂದು ಮಾತು ಒಪ್ಪಲೇಬೇಕು. ಒದೆ ತಿಂದ ಮೇಲೆ ಮಲ್ಲೇಶಪ್ಪನವರು ನಿಜವಾದ ಫಿಟರ್ ಆದರು. ಅಲ್ಲೇ ಆ ಪೆಟ್ಟಿಗೆಯ ಫ್ಯೂಜ್ ಕಿತ್ತು ಮತ್ತೆ ಅದೇ ತಿರುವಿನಲ್ಲಿ ಬಂದರು. ಹಳದಿ ದೀಪ ಹತ್ತಿಯೇ ಇತ್ತು, ಪೆಡಲ್ ಹಸುವಿನ ಹಾಗೆ ಸುಮ್ಮನಿತ್ತು, ಗಾಡಿ ಹೇಳಿದಲ್ಲಿ ನಿಂತಿತು. ಅಂದರೆ ಎಣ್ಣೆಯದಲ್ಲ, ಲೈನರಿನದಲ್ಲ. ಯಾವುದೋ ಗಾಲಿಯಿಂದ ಪೆಟ್ಟಿಗೆಗೆ ಸುಳ್ಳು ಸುದ್ದಿ ಹೋಗುತ್ತಿದೆ. ಗಾಲಿ ಬಿಗಿದಿದೆ ಎಂದು ನಂಬಿ ಪೆಟ್ಟಿಗೆ ಬ್ರೇಕನ್ನು ಬಿಡುತ್ತಿದೆ. ದೀಪ ಹತ್ತಿದಾಗ ಪೆಟ್ಟಿಗೆ ತಾನೇ ಸೋಲೊಪ್ಪಿ ಸುಮ್ಮನಾಗುತ್ತದೆ, ಅದಕ್ಕೇ ಆಗ ಬ್ರೇಕ್ ಸರಿ. ಇದನ್ನೆಲ್ಲ ಅವರು ಪಾಂಡುರಂಗ ಮೊದಲ ದಿನದಿಂದ ಹೇಳುತ್ತಿದ್ದುದನ್ನು ಈಗ ತಾವೇ ಕಂಡುಹಿಡಿದವರಂತೆ ದಾರಿಯುದ್ದಕ್ಕೂ ವಿವರಿಸಿದರು.

ಮನೆಯ ಮುಂದೆ ಗಾಡಿ ನಿಲ್ಲಿಸಿ, ವೈರುಗಳನ್ನು ಪರೀಕ್ಷಿಸುವ ಮೀಟರ್ ತಂದರು. ಒಂದೊಂದೇ ಗಾಲಿಯ ವೈರಿಗೆ ಹಚ್ಚಿ ನೋಡಿದರು. ನಾಲ್ಕರಲ್ಲೂ ಮುಳ್ಳು ಒಂದೇ ಜಾಗದಲ್ಲಿ ನಿಂತಿತು. ಆಗ ಪಾಂಡುರಂಗನಿಗೆ ಸ್ಟೀರಿಂಗ್ ತಿರುಗಿಸಲು ಹೇಳಿದರು.

"ಎಡಕ್ಕ. ಹಾಂ, ಸರಿ ಐತಿ. ಈಗ ಬಲಕ್ಕ. ಇನ್ನೂ ಬಲಕ್ಕ. ಚಲೋ, ಚಲೋ…"

ಬಲಗಡೆಯ ಮುಂದಿನ ಗಾಲಿಯ ಮುಳ್ಳು ಸತ್ತಂತೆ ಸೊನ್ನೆಗೆ ಬಿತ್ತು.

"ಸಿಕ್ಕಿತು!" ಎಂದು ಮಲ್ಲೇಶಪ್ಪನವರು ಗಾಡಿಯ ಕೆಳಗೆ ತೂರಿದರು. ಕಾಲ್ಬೆರಳುಗಳು ಕುಣಿಯುತ್ತಿದ್ದವು. "ಯಾವನೋ ಕತ್ತೆ ಇಲ್ಲಿ ಕೈ ಹಾಕ್ಯಾನ್ರಿ ಅಕ್ಕಾರ. ವೈರ್ ತಿಕ್ಕಿ ತಿಕ್ಕಿ ಮೇಲಿನ ರಬ್ಬರ್ ಹೋಗೈತಿ, ಒಳಗಿನ ತಾಮ್ರ ಕಾಣತೈತಿ. ಗಾಲಿ ತಿರುಗಿದಾಗ ತಾಮ್ರ ಹೋಗಿ ಯಾವುದೋ ತಂತಿಗೆ ತಾಗತೈತಿ. ಇಂಥಾ ಜಾಗದಾಗ ತಂತಿ ಕಟ್ಟಿದವನ ಕೈಯಾಗ ನಟ್ಟು ಬಿಗಿಯೂ ಪಾನಾ ಕೊಡಬಾರದ್ರಿ, ಪೊರಕಿ…"

ಬೆರಳುಗಳು ನಿಂತವು.

ಭಾನುಮತಿ ಕಾದಳು. ಆ ಜಾಗದಲ್ಲಿ ಯಾವ ತಂತಿ ಇದೆ, ಅದನ್ನು ಹೆಣೆದವರು ಯಾರು ಎಂದು ಅವಳಿಗೆ ಈಗಷ್ಟೇ ಹೊಳೆದಿತ್ತು. ಪಾಂಡುರಂಗ ಸ್ಟೀರಿಂಗ್ ಹಿಡಿದುಕೊಂಡೇ ಆಕಾಶ ನೋಡತೊಡಗಿದ. ಬಹಳ ಹೊತ್ತಿನ ಮೇಲೆ ಇಕ್ಕಳದ ಸದ್ದು ಕೇಳಿತು, ಆಮೇಲೆ ಕೈಯೊರೆಸುವ ಬಟ್ಟೆಯಲ್ಲಿ ಸುತ್ತಿದ ಯಾವುದನ್ನೋ ಎದೆಗವಚಿಕೊಂಡು ಮಲ್ಲೇಶಪ್ಪನವರು ಹೊರಗೆ ಬಂದರು.

"ಇಲಿ ಕಡದೈತಿ," ಎಂದರು.

"ಅಯ್ಯ, ಪಾಪ. ನಾಲಾನೂ ಇಲೀನ ಬಿಚ್ಚಿ ನಿಮ್ಮ ಕೈಯಾಗ ಕೊಟ್ಟಿತೇನ್ರಿ?"

ಮಲ್ಲೇಶಪ್ಪನವರು ಬಟ್ಟೆಯಲ್ಲಿ ಸುತ್ತಿದ್ದನ್ನು ಪಕ್ಕಕ್ಕಿಟ್ಟು ಮತ್ತೆ ಕೆಳಗೆ ತೂರಿದರು. ವೈರಿನ ಕೆಟ್ಟ ತುಂಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಮೇಲೆ ಕೊಳವೆ ಏರಿಸಿ, ಗಾಲಿ ಎತ್ತ ತಿರುಗಿದರೂ ಎಳೆಯದಂತೆ ತಿಕ್ಕದಂತೆ ಕ್ಲಿಪ್ಪಿನಲ್ಲಿ ಕೂಡಿಸಿದರು. ಅಷ್ಟು ಚೊಕ್ಕ ಕೆಲಸವನ್ನು ಭಾನುಮತಿ ಮತ್ತೆ ನೋಡಲಿಲ್ಲ.

"ಗಾಡಿಯೇನೋ ಸರಿ ಆತು," ಎಂದಳು ಅವಳು. "ಸೇಠ್‌ಜಿಗೆ ಯಾರು ಹೇಳೋರು? ನಾ ಹೇಳಿದ್ರ ಡ್ರೈವರನ್ನ ಉಳಸ್ಲಿಕ್ಕೆ ಹೇಳ್ತಾಳ ಅಂತಾನ. ಕಾಲು ಬಿಗಡ್ಯಾವು ಅಂದವ್ರು ನೀವು."

ಸೋಮವಾರ ಬೆಳಿಗ್ಗೆ ಮಲ್ಲೇಶಪ್ಪನವರು ಕೋಟಿನ ಮೇಲೆ ವಾಯುಪಡೆಯ ಬಿಲ್ಲೆ ಚುಚ್ಚಿಕೊಂಡು ಬಂದರು. ಪಾಂಡುರಂಗನ ಪಕ್ಕದಲ್ಲಿ ಕೂತು ಗಾಂಧಿಬಾಗಿನ ಎಲ್ಲ ತಿರುವುಗಳನ್ನೂ ಸುತ್ತಿಸಿ, ಸೇಠ್‌ಜಿ ಗಾದಿ ಹಾಸಿ ಕೂರುವ ಅಂಗಡಿಯ ಮುಂದೆ ಗಾಡಿಯನ್ನು ಅವನ ಕಾಲಿನಿಂದಲೇ ಗಕ್ಕನೆ ನಿಲ್ಲಿಸಿದರು. ಹಿಂದೆ ಆಟೋದಲ್ಲಿ ಬಂದ ಭಾನುಮತಿ ಬಾಗಿಲಲ್ಲಿ ನಿಂತು ಕೇಳಿದಳು. ಡ್ರೈವರನ ಕಾಲು ನಂಬರ್ ಒನ್, ಎಂದರು. ತಪ್ಪು ಕಾಲಿನದಲ್ಲ, ಫಿಟಿಂಗಿನದು. ತಾವು ಮೊದಲು ಹೇಳಿದ ಮಾತನ್ನು ವಾಪಸ್ ತೆಗೆದುಕೊಂಡದ್ದಾಯಿತು.

"ಫಿಟಿಂಗ್ ಯಾರು ಮಾಡಿದ್ದು?" ಎಂದು ಸೇಠ್‌ಜಿ ಹಿಂದಿಯಲ್ಲಿ ಕೇಳಿದ.

ಮಲ್ಲೇಶಪ್ಪನವರು ಬಿಲ್ಲೆ ಸರಿಮಾಡಿಕೊಂಡರು. ಪಾಂಡುರಂಗನ ಕಡೆ ನೋಡಿದರು. "ಒಬ್ಬ ಮುದುಕ," ಎಂದರು. "ಇನ್ನ ಮ್ಯಾಲೆ ಅವನು ಗಾಡಿ ಕೆಳಗ ಹೋಗೂದಿಲ್ಲ."

ಸೇಠ್‌ಜಿ ಗಂಟುಗಳನ್ನು ಹೇರಿಸಿದ. ಪಾಂಡುರಂಗನ ಕೆಲಸ ಉಳಿಯಿತು. ನಾಲವನ್ನು ಅವನು ಬಂಪರಿಗೆ ಹತ್ತಿಯ ದಾರದಿಂದ ಕಟ್ಟಿದ, ಮಲ್ಲೇಶಪ್ಪನವರು ಹೇಳಿದ್ದಂತೆಯೇ ಇತವಾರಿಯಲ್ಲಿ ಅದು ಸಂಜೆಯೊಳಗೆ ಕಳುವಾಯಿತು. ಅಷ್ಟಕ್ಕೇ ಅವರು ಮೊದಲಿನ ಹಾಗಾದರು. ಮುದುಕ ಕೆಳಗೆ ಹೋಗುವುದಿಲ್ಲ ಎಂಬ ಮಾತು ಹೋಳಿಯವರೆಗೆ ನಡೆಯಿತು. ಆಮೇಲೆ ಓಣಿಯ ಯಾವ ಗಾಡಿಯ ಕೆಳಗೆ ನೋಡಿದರೂ ಅದೇ ಕಾಲುಗಳು.

ಕೆಲವು ವರ್ಷಗಳ ಮೇಲೆ ಆ ಕಾಲುಗಳು ಹಾಸಿಗೆ ಹಿಡಿದವು. ಭಾನುಮತಿ ಗಂಜಿಯ ಡಬ್ಬಿ ಹಿಡಿದು ಅದೇ ಪಿಕಪ್ಪಿನಲ್ಲಿ ಹೋದಳು. ಪಾಂಡುರಂಗ ಹೊರಗೆ ಗಾಡಿ ನಿಲ್ಲಿಸುವ ಸದ್ದನ್ನು ಮಲ್ಲೇಶಪ್ಪನವರು ಕಣ್ಣು ಮುಚ್ಚಿಕೊಂಡೇ ಆಲಿಸಿದರು.

"ಚೊಲೋ ಹಿಡೀತೈತಿ," ಎಂದರು. ಗಂಜಿ ಬೇಡವೆಂದರು. ಹೊದಿಕೆಯ ತುದಿಯಲ್ಲಿ ಕಾಲ್ಬೆರಳುಗಳು ಸ್ವಲ್ಪವೇ ಆಡಿದವು. ಏನೋ ಹೇಳಬೇಕೆಂದಿದ್ದಾರೆಂದು ಭಾನುಮತಿ ಬಾಗಿದಳು. ಇಲಿಯ ವಿಷಯವನ್ನು ಈಗಲಾದರೂ ಒಪ್ಪಿಕೊಳ್ಳುತ್ತಾರೇನೋ ಎಂದುಕೊಂಡಳು.

"ಅಕ್ಕಾರ," ಎಂದರು ಮಲ್ಲೇಶಪ್ಪನವರು, "ಖರೇ ಹೇಳ್ರಿ. ನಾಲದ ಗಂಟಂತೂ ಸಡಿಲ ಆಗಿರಲಿಲ್ಲ, ಹೌದಲ್ಲ?"